ಸ್ಪಿರಿಟ್ ಆರುವ ತನಕ

ಹತ್ತು ನಿಮಿಷ ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಡೆಲ್ಬರ್ಟ್ ಹೌಗನ್‌ಗೆ ಸುಮ್ಮನೆ ಕೂರುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಷ್ಟಿಷ್ಟು ಬರುತ್ತಿತ್ತು. ಹೆಂಡತಿ ಅರ್ಲೀನ್ ಬ್ರೆಡ್ಡು ಬೇಯಲು ಇಟ್ಟರೆ ಇವನು ಮತ್ತೆ ಮತ್ತೆ ಒಲೆಯ ಬಾಗಿಲು ತೆಗೆದು ನೋಡಿ, ಉಬ್ಬುತ್ತಿದ್ದ ಬ್ರೆಡ್ಡನ್ನು ಕುಕ್ಕರಿಸಿ ಕೂರಿಸಿಬಿಡುತ್ತಿದ್ದ. ಗಾಳ ಹಾಕಿದರೆ ಮೀನು ಎರೆಯನ್ನು ಮೂಸುವ ಮೊದಲೇ ಎಳೆದು ನೋಡುತ್ತಿದ್ದ. ಚರ್ಚಿನಲ್ಲಿ ಪಾದ್ರಿ ‘ಆ’ ಎನ್ನುವಷ್ಟರಲ್ಲಿ ಇವನ ‘ಮೆನ್’ ಮುಗಿದಿರುತ್ತಿತ್ತು.

ಇಂಥವನ ಕೈಗೆ ಅವನ ಮಾವ ಹಾರ್ಲನ್ ಬ್ರೆಕೆ ತನ್ನ ತೋಟಾ ಒತ್ತುವ ಅಚ್ಚನ್ನು ಕೊಟ್ಟಿದ್ದ.

ಅಮೆರಿಕದ ಮೊಂಟಾನಾದ ಆಲ್ಡರ್ ಬೆಂಡ್ ಎಂಬ ಆ ಊರಿನಲ್ಲಿ ಅಕ್ಟೋಬರ್ ಕೊನೆಯ ಒಂದು ಶನಿವಾರ ಬೇಟೆಯ ಕಾಲ ಶುರುವಾಗುತ್ತದೆ. ಅವತ್ತು ಮದುವೆ ಇಟ್ಟುಕೊಂಡರೆ ಮದುಮಗನೂ ಬರುವುದಿಲ್ಲ. ಹಾರ್ಲನ್‌ಗೆ ಬೆಟ್ಟದ ಮೇಲೊಂದು ಮರದ ಗುಡಿಸಲು ಇತ್ತು. ಅದರಲ್ಲಿ ಆರು ಮಂಚ. ಆ ಆರು ಮಂಚಗಳ ಮೇಲೆ ಮಲಗುವವರೇ ಊರಿನಲ್ಲಿ ಗಂಡಸರು. ಮಿಕ್ಕವರು ಅವರನ್ನು ಬೀಳ್ಕೊಟ್ಟು ಕೈಬೀಸುವವರು. ಮದುವೆಯಾದಂದಿನಿಂದ ಡೆಲ್ಬರ್ಟ್ ಪ್ರತಿ ವರ್ಷ ಕೈಬೀಸಿದ್ದ. ಮಾವ ಅವನನ್ನು ಯಾರಿಗಾದರೂ ಪರಿಚಯ ಮಾಡಿಕೊಡುವಾಗ ‘ನನ್ನ ಅಳಿಯ’ ಎಂದದ್ದೇ ಇಲ್ಲ. ‘ಇವನು, ಅರ್ಲೀನ್ ಗಂಡ’ ಎನ್ನುತ್ತಿದ್ದ, ಅವಳಿಗೆ ಹಿಡಿದ ನೆಗಡಿಯ ಬಗ್ಗೆ ಹೇಳುವವನ ಹಾಗೆ.

ಈ ವರ್ಷ ಒಂದು ಮಂಚ ಖಾಲಿಯಾಗಿತ್ತು. ಮುದುಕ ಸೆಲ್ಮರ್ ಮಂಡಿನೋವಿಗೆ ಬಿಸಿಲು ಒಳ್ಳೆಯದೆಂದು ಅರಿಜೋನಾಕ್ಕೆ ಹೋಗಿಬಿಟ್ಟಿದ್ದ.

ಹಾರ್ಲನ್‌ನ ರೈಫಲ್ಲು ಅವನ ಅಪ್ಪನ ಕಾಲದ್ದು. ಅದಕ್ಕೆ ಹೊಂದುವ ತೋಟಾ ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಹಾರಿಸಿದ ಮೇಲೆ ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನೇ ಹೆಕ್ಕಿ ತಂದು, ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ತುಂಬಬೇಕು. ಒಮ್ಮೆ ಹಾರಿದ ತೋಟಾ ಹಬ್ಬದೂಟ ಉಂಡವನ ಹೊಟ್ಟೆಯಂತೆ ತುಸು ಉಬ್ಬಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ತೂರಿಸಿ, ಒತ್ತಿ, ಮೊದಲಿನ ಅಳತೆಗೆ ತರಬೇಕು. ಒಣ ಹಿತ್ತಾಳೆ ಉಕ್ಕನ್ನು ಒಮ್ಮೆ ತಬ್ಬಿತೆಂದರೆ ಬಿಡುವುದಿಲ್ಲ. ಆದ್ದರಿಂದ ಒತ್ತುವ ಮೊದಲು ಅದರ ಮೈಗೆ ತೆಳ್ಳಗೆ ಜಿಡ್ಡು ಸವರುತ್ತಾರೆ. ಜಿಡ್ಡು ಹೆಚ್ಚಾದರೆ ತೋಟಾದ ಕತ್ತಿನ ಕೆಳಗೆ, ಭುಜದಲ್ಲಿ ಕುಳಿ ಬೀಳುತ್ತದೆ. ಕಡಿಮೆಯಾದರೆ ಏನಾಗುತ್ತದೆಂದು ಆಲ್ಡರ್ ಬೆಂಡ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನೆರೆಮನೆಯವರಿಗೆ ಆಗುವಂಥದ್ದು.

“ಹುಡುಗಾ,” ಎಂದಿದ್ದ ಹಾರ್ಲನ್, ಅಚ್ಚನ್ನು ಡೆಲ್ಬರ್ಟನ ಅಂಗೈಯಲ್ಲಿಟ್ಟು, “ನಲವತ್ತು ವರ್ಷದಿಂದ ತೋಟಾ ಒತ್ತಿದ್ದೀನಿ. ಒಂದೇ ಒಂದು ಸಿಕ್ಕಿಕೊಂಡಿಲ್ಲ.”

“ಗೊತ್ತು ಹಾರ್ಲನ್. ಊರಿಗೇ ಗೊತ್ತು. ನೀವು ಹೇಳ್ತಾನೇ ಇರ್ತೀರಲ್ಲ.”

“ಹೇಳ್ದೆ ಇನ್ನೇನು? ತೋಟಾ ಸಿಕ್ಕಿಸಿಕೊಳ್ಳೋನಿಗೆ ತಾಳ್ಮೆ ಇರಲ್ಲ. ತಾಳ್ಮೆ ಇಲ್ಲದೋನು ಬೆಟ್ಟದಲ್ಲಿ ಜಿಂಕೆ ಬರೋಕೆ ಮುಂಚೆ ಕೆಮ್ತಾನೆ. ಇಪ್ಪತ್ತು ತುಂಬಿಡು. ಶುಕ್ರವಾರ ನಾಲ್ಕು ಗಂಟೆಗೆ ಬರ್ತೀನಿ. ತೋಟಾನೂ ನೋಡ್ತೀನಿ, ಅಚ್ಚನ್ನೂ ನೋಡ್ತೀನಿ. ಆಮೇಲೆ ಸೆಲ್ಮರ್‌ನ ಮಂಚದ ಮಾತು.”

ಆ ಶುಕ್ರವಾರ ಬೆಳಿಗ್ಗೆ ಡೆಲ್ಬರ್ಟ್ ಕೆಲಸಕ್ಕೆ ರಜೆ ಹಾಕಿ ಗ್ಯಾರೇಜಿನಲ್ಲಿ, ಹಿಡಿ ಎಳೆದು ಒತ್ತುವ ಪ್ರೆಸ್ಸಿಗೆ ಅಚ್ಚನ್ನು ಕೂರಿಸಿ, ಇಪ್ಪತ್ತಕ್ಕಿಂತ ಒಂದೆರಡು ಹೆಚ್ಚೇ ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. ಅವನು ತಂದ ಜಿಡ್ಡು ಹೊಸ ಬಗೆಯದು. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಶೀಶೆಗೆ ತುಂಬಿದ್ದರು. ಪಿಚಕಾರಿಯಂತೆ ಚಿಮ್ಮಿಸಬೇಕು, ಸ್ಪಿರಿಟ್ ಆರುವ ತನಕ ಕಾಯಬೇಕು, ಆಗ ಜಿಡ್ಡು ಮಾತ್ರ ಮೈಮೇಲೆ ಉಳಿಯುತ್ತದೆ. ಒದ್ದೆ ಇರುವಾಗಲೇ ಒತ್ತಿದರೆ ಒಳಗೆ ಹೋಗುವುದು ಬರೀ ಸ್ಪಿರಿಟ್ಟು.

ಡೆಲ್ಬರ್ಟ್ ಚಿಮ್ಮಿಸಿದ. ಕೂತ. ಎದ್ದ. ಗ್ಯಾರೇಜಿನ ಬಾಗಿಲು ತೆಗೆದ, ಹಾಕಿದ. ತೋಟಾಗಳ ಮೇಲೆ ಬಾಯಿಂದ ಊದಿದ. ‘ಆರಿರಬೇಕು’ ಎಂದುಕೊಂಡ. ಮೊದಲನೆಯದು ಗೊಣಗುತ್ತ ಹೋಗಿ ಗೊಣಗುತ್ತ ಬಂತು. ಎರಡನೆಯದು ಕಿರುಚಿತು. ಮೂರನೆಯದನ್ನು ಒಳಗೆ ತಳ್ಳಲು ಪ್ರೆಸ್ಸಿನ ಹಿಡಿಯ ಮೇಲೆ ಮೈಭಾರವನ್ನೆಲ್ಲ ಹಾಕಬೇಕಾಯಿತು. ಅದು ಹೋಯಿತು. ಆದರೆ ಬರಲಿಲ್ಲ.

ಅಲ್ಲಾದರೂ ಅವನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಎರಡೂ ಕೈಯಿಂದ ಹಿಡಿಯನ್ನು ಹಿಂದಕ್ಕೆ ಎಳೆದ. ‘ಟಣ್’ ಎಂದು ಸದ್ದಾಯಿತು. ಡೆಲ್ಬರ್ಟ್ ಹಿಮ್ಮುಖವಾಗಿ ಹೋಗಿ ಹಳೇ ಟೈರುಗಳ ಮೇಲೆ ಕೂತ. ಪ್ರೆಸ್ಸು ತೋಟಾದ ತಳದ ಅಂಚನ್ನು ಮಾತ್ರ ಹರಿದುಕೊಂಡು ಬಂದಿತ್ತು. ತೋಟಾ ಮಾತ್ರ ಮಾವನ ಅಚ್ಚಿನೊಳಗೆ, ಹೊಸ ಮನೆಗೆ ಬಂದ ಸೊಸೆಯ ಹಾಗೆ, ಹೊರಗೆ ಬರುವುದಿಲ್ಲವೆಂದು ಕೂತುಬಿಟ್ಟಿತ್ತು.

“ಏನದು ಸದ್ದು?” ಎನ್ನುತ್ತ ಪಕ್ಕದ ಮನೆಯ ರಸ್ ಬಂದೇಬಿಟ್ಟ. ರಸ್ ಶಾಲೆಯ ಬಸ್ಸು ಓಡಿಸುವವನು. ಬೆಳಗಿನ ಸುತ್ತಿಗೂ ಮಧ್ಯಾಹ್ನದ ಸುತ್ತಿಗೂ ನಡುವೆ ಅವನಿಗೆ ಬೇರೆಯವರ ಕೆಲಸ ಬಿಟ್ಟರೆ ಕೆಲಸವಿರಲಿಲ್ಲ.

“ಏನಿಲ್ಲ,” ಎಂದ ಡೆಲ್ಬರ್ಟ್, ಪ್ರೆಸ್ಸಿಗೆ ಅಡ್ಡ ನಿಂತು.

“ಏನಿಲ್ಲದೆ ಟೈರ್ ಮೇಲೆ ಯಾಕೆ ಕೂತಿದ್ದೆ? ಸರಿ ಪಕ್ಕಕ್ಕೆ. ಅಯ್ಯಯ್ಯೋ! ಸಿಕ್ಕಿಸಿಕೊಂಡ್ಬಿಟ್ಟೆಯೇನೋ! ಅದೂ ಹಾರ್ಲನ್ ಅಚ್ಚಲ್ಲಿ!”

“ಮೆಲ್ಲಗೆ ಮಾತಾಡೋ ಮಾರಾಯ!”

“ಮೆಲ್ಲಗೇ ಆಡ್ತಾ ಇದೀನಲ್ಲ!” ಎಂದ ರಸ್. ಬಸ್ಸಿನ ಕೊನೆಯ ಸೀಟಿನ ಹುಡುಗರನ್ನು ಗದರಿಸಿ ಗದರಿಸಿ ಅವನ ಪಿಸುಮಾತೂ ಬೀದಿಯ ತುದಿಗೆ ಕೇಳಿಸುತ್ತಿತ್ತು. “ಹೆದರ್ಕೋಬೇಡ. ಇದಕ್ಕೆ ಮದ್ದು ಚಳಿ. ಚಳಿಗೆ ಹಿತ್ತಾಳೆ ಜಾಸ್ತಿ ಕುಗ್ಗುತ್ತೆ, ಉಕ್ಕು ಕಡಿಮೆ ಕುಗ್ಗುತ್ತೆ. ಫ್ರೀಜರಲ್ಲಿ ಒಂದು ಗಂಟೆ ಇಡು, ಮಾಗಿದ ಹಣ್ಣು ಉದುರಿದ ಹಾಗೆ ಉದುರುತ್ತೆ.”

“ನೀನು ಮಾಡಿ ನೋಡಿದ್ದೀಯಾ?”

“ನಾನ್ಯಾಕೆ ಮಾಡ್ಲಿ? ನಾನು ತೋಟಾ ಅಂಗಡೀಲಿ ತರ್ತೀನಿ.”

ಇಬ್ಬರೂ ಗ್ಯಾರೇಜಿನ ಮೂಲೆಯಲ್ಲಿದ್ದ ಫ್ರೀಜರಿನ ಮುಚ್ಚಳ ತೆಗೆದರು. ಅರ್ಲೀನ್ ಬೇಸಿಗೆಯಲ್ಲಿ ಬೆಟ್ಟದಿಂದ ಆಯ್ದು ತಂದ ಹಕಲ್‌ಬೆರಿ ಹಣ್ಣಿನ ದೊಡ್ಡ ಚೀಲವಿತ್ತು, ಹಣ್ಣುಗಳು ಗೋಲಿಗಳಂತೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿದ್ದವು. ಸುತ್ತಲೂ ಚಳಿ ತಾಗಲೆಂದು ರಸ್ ಪ್ರೆಸ್ಸಿನಿಂದ ಬಿಚ್ಚಿದ ಅಚ್ಚನ್ನು ಹಣ್ಣುಗಳ ನಡುವೆ ಆಳವಾಗಿ ತುರುಕಿ ಚೀಲದ ಬಾಯಿ ಕಟ್ಟಿದ. ಮುಚ್ಚಳ ಹಾಕಿದ. ಡೆಲ್ಬರ್ಟ್ ತೆಗೆದ. ರಸ್ ಹಾಕಿದ. ಡೆಲ್ಬರ್ಟ್ ಮತ್ತೆ ತೆಗೆದು ಚೀಲವನ್ನು ಒತ್ತಿ ನೋಡಿದ.

“ನೀನಿಲ್ಲಿದ್ರೆ ಇದು ಮುಂದಿನ ಈಸ್ಟರ್‌ವರೆಗೂ ತಣ್ಣಗಾಗಲ್ಲ,” ಎಂದು ರಸ್ ಅವನ ತೋಳು ಹಿಡಿದು ಊರಿನ ಕಾಫಿ ಅಂಗಡಿಗೆ ಎಳೆದುಕೊಂಡು ಹೋದ.

ಅಲ್ಲಿ ಡೆಲ್ಬರ್ಟ್ ಕಾಫಿಗೆ ಸಕ್ಕರೆ ಹಾಕಿ ಕಲಕಿದ, ಮತ್ತೆ ಹಾಕಿ ಕಲಕಿದ, ಗಡಿಯಾರ ನೋಡಿದ, ಮತ್ತೆ ಹಾಕಿದ. ರಸ್ ಕಾಫಿ ತಂದವಳಿಗೆ ಬಾಗಿ ಮೆಲ್ಲಗೆ, “ಪಾಪ, ಸಕ್ಕರೆ ಖಾಲಿ ಮಾಡ್ತಿದ್ದಾನೆ ಅಂತ ಬೇಜಾರು ಮಾಡ್ಕೋಬೇಡಮ್ಮ. ಹಾರ್ಲನ್ ಅಚ್ಚಲ್ಲಿ ತೋಟಾ ಸಿಕ್ಕಿಸಿಕೊಂಡಿದ್ದಾನೆ. ಯಾರಿಗೂ ಹೇಳ್ಬೇಡ,” ಎಂದ. ಅಂಗಡಿಯಲ್ಲಿದ್ದವರೆಲ್ಲ ತಮ್ಮ ಮೊಟ್ಟೆ, ಹುರಿದ ಆಲೂಗಡ್ಡೆಗಳಿಂದ ತಲೆಯೆತ್ತಿ ನೋಡಿದರು. ಒಬ್ಬ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಶವ ಸಾಗುವಾಗ ಹಿಡಿಯುವಂತೆ.

ಮನೆಗೆ ಓಡಿ ಬಂದು ಫ್ರೀಜರಿನ ಮುಚ್ಚಳ ತೆಗೆದರೆ ಚೀಲವೇ ಇಲ್ಲ.

ಡೆಲ್ಬರ್ಟನಿಗೆ ಆಗ ನೆನಪಾಯಿತು. ಅರ್ಲೀನ್ ರಾತ್ರಿಯೇ ಹೇಳಿದ್ದಳು: ಭಾನುವಾರ ಚರ್ಚಿನಲ್ಲಿ ಬೇಟೆಗಾರರ ಊಟ, ನಾಳೆಯೇ ಹೆಂಗಸರೆಲ್ಲ ಸೇರಿ ಹಣ್ಣಿನ ಪೈ ಮಾಡುತ್ತೇವೆ ಎಂದು. ಅವಳು ಹೇಳುತ್ತಿದ್ದಾಗ ಇವನು ಮುಂದಿನ ಮಾತಿಗೆ ಹೋಗಿಬಿಟ್ಟಿದ್ದ.

ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರು ಮೈದಾ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದರು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹಕಲ್‌ಬೆರಿ ಕೊತಕೊತ ಕುದಿಯುತ್ತಿತ್ತು. ಡೆಲ್ಬರ್ಟ್ ಯಾರನ್ನೂ ಮಾತಾಡಿಸದೆ ಸೌಟು ಕಿತ್ತುಕೊಂಡು ಪಾತ್ರೆಯ ತಳವನ್ನು ಕೆದಕತೊಡಗಿದ.

“ಡೆಲ್ಬರ್ಟ್!” ಎಂದಳು ಅರ್ಲೀನ್. ಅವಳು ಪೂರ್ತಿ ಹೆಸರು ಕರೆದಳೆಂದರೆ ಅದು ಸಾಕ್ಷಿಗಳ ಎದುರಿನ ಕೋಪ. “ಬ್ರೆಡ್ಡಿನ ಒಲೆ ತೆಗೆದು ನೋಡೋದು ಸಾಲ್ದು ಅಂತ ಇಲ್ಲಿಗೂ ಬಂದ್ಯಾ?”

ಸೌಟು ‘ಟಣಕ್’ ಎಂದಿತು. ಅವನು ಮೇಲೆತ್ತಿದ. ನೇರಳೆ ಬಣ್ಣದ ರಸ ಸುರಿಸುತ್ತ, ಹೊಗೆಯಾಡುತ್ತ ಅಚ್ಚು ಹೊರಬಂತು.

“ಏನದು?”

“ಅದು... ನಿಮ್ಮಪ್ಪಂದು.”

ಅರ್ಲೀನ್ ಹತ್ತಿರ ಬಂದು, ಅಚ್ಚಿನ ಬಾಯಲ್ಲಿ ಕಾಣುತ್ತಿದ್ದ ಹರಿದ ಹಿತ್ತಾಳೆಯನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

“ಡೆಲ್, ಕೇಳು. ನೀನು ಬೆಟ್ಟಕ್ಕೆ ಹೋಗ್ತೀಯ ಅಂತ ನಾನು ಎರಡು ದಿನಕ್ಕೆ ಏನೇನೋ ಅಂದ್ಕೊಂಡಿದ್ದೀನಿ. ಸುಮ್ಮನೆ ಒಂದು ಕುರ್ಚೀಲಿ ಕೂತ್ಕೋಬೇಕು. ಯಾರೂ ಎದುರಿಗೆ ಏಳ್ತಾ ಕೂರ್ತಾ ಇರಬಾರದು. ಒಂದು ಬ್ರೆಡ್ಡು, ಒಂದೇ ಒಂದು, ಪೂರ್ತಿ ಉಬ್ಬಿದ್ದು ತಿನ್ನಬೇಕು. ಏನಾದ್ರೂ ಮಾಡು. ಅಪ್ಪ ನಾಲ್ಕಕ್ಕೆ ಬರ್ತಾರೆ.”

ಚಳಿಗೆ ಕುಗ್ಗಬೇಕಾಗಿದ್ದ ಹಿತ್ತಾಳೆ ಈಗ ಬಿಸಿಗೆ ಇನ್ನಷ್ಟು ಉಬ್ಬಿ, ಸಕ್ಕರೆಪಾಕದಲ್ಲಿ ಅಂಟಿ ಕೂತಿತ್ತು. ಆಗ ಹಿಟ್ಟು ಲಟ್ಟಿಸುತ್ತಿದ್ದ ಮರ್ನಾ ಕೈ ಒರೆಸಿಕೊಂಡು ಎದ್ದಳು. ಡೆಲ್ಬರ್ಟನ ಮನೆಯ ಹಿಂದಿನ ಬಯಲಿನಲ್ಲಿ ಕುರಿ ಸಾಕುವ ಮುದುಕಿ.

“ಸ್ಪಿರಿಟ್ ಬೆರೆಸಿದ ಉಣ್ಣೆಜಿಡ್ಡಿಗೆ ದುಡ್ಡು ಕೊಡ್ತೀರಿ, ಪಕ್ಕದಲ್ಲೇ ಕುರಿ ಇರೋಳನ್ನ ಕೇಳಲ್ಲ. ಬಾ ಮಗು. ನನ್ನ ಹತ್ರ ಅಪ್ಪಟ ಜಿಡ್ಡಿದೆ. ಸಂದೀಲಿ ತುಂಬಿ ಬಿಟ್ರೆ ತಾನೇ ಇಳಿದು ಸಡಿಲ ಮಾಡುತ್ತೆ.”

“ಎಷ್ಟು ಹೊತ್ತು ಬೇಕು?”

“ಒಂದು ರಾತ್ರಿ.”

“ನಾಲ್ಕು ಗಂಟೆಗೆ ಬೇಕು!”

“ಕುರಿಗೆ ಗಂಟೆ ಗೊತ್ತಿಲ್ಲಪ್ಪ,” ಎಂದಳು ಮರ್ನಾ. ಆದರೂ ಕರೆದುಕೊಂಡು ಹೋದಳು.

ಕುರಿದೊಡ್ಡಿಯಲ್ಲಿ ಅವಳು ದೊಡ್ಡದೊಂದು ಡಬ್ಬ ಇಳಿಸಿ, “ಮುಚ್ಚಳ ಬಿಗಿಯಾಗಿದೆ, ಬಿಸಿನೀರು ತರ್ತೀನಿ, ಮುಟ್ಟಬೇಡ,” ಎಂದು ಒಳಗೆ ಹೋದಳು. ಮುಟ್ಟಬೇಡ ಎನ್ನುವ ಮಾತು ಡೆಲ್ಬರ್ಟನಿಗೆ ಬೇರೆಯವರಿಗೆ ಹೇಳಿದಂತೆ ಕೇಳಿಸುತ್ತಿತ್ತು. ಡಬ್ಬವನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಮುಚ್ಚಳವನ್ನು ತಿರುಚಿದ. ಅದು ಬರಲಿಲ್ಲ. ಇನ್ನೊಂದು ಸಲ ತಿರುಚಿದ. ಅದು ಬಂತು, ಒಳಗಿದ್ದದ್ದೂ ಬಂತು. ಅಂಗಿ, ಗಡ್ಡ, ಕಿವಿಯ ಸಂದಿ, ಪ್ಯಾಂಟಿನ ಜೇಬು, ಎಲ್ಲ ಕಡೆಯೂ ಹಳದಿ ಜಿಡ್ಡು. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ವಸಂತದಲ್ಲಿ ಕತ್ತರಿಸಿ ರಾಶಿ ಹಾಕಿದ್ದ ತೊಳೆಯದ ಉಣ್ಣೆ. ಮರ್ನಾ ಬಿಸಿನೀರು ಹಿಡಿದು ಬಂದಾಗ ಅವಳ ದೊಡ್ಡಿಯಲ್ಲಿ ಎರಡು ಕಾಲಿನ ಟಗರೊಂದು ನಿಂತಿತ್ತು.

“ಅಯ್ಯೋ ದೇವರೇ! ಇದು ನೀರಿಗೆ ಹೋಗಲ್ಲ, ಸೋಪಿಗೂ ಹೋಗಲ್ಲ ಮಗು. ಟಿಪ್ ನೋಡೋದ್ರೊಳಗೆ ಮನೆ ಸೇರ್ಕೋ.”

ಟಿಪ್ ನೋಡಿಯಾಗಿತ್ತು.

ಟಿಪ್ ಅವಳ ಕುರಿನಾಯಿ. ಹೋದ ವಾರ ಕುರಿಮರಿಗಳೆಲ್ಲ ಸಂತೆಗೆ ಹೋದ ಮೇಲೆ ಅದಕ್ಕೆ ಮಾಡಲು ಕೆಲಸವಿಲ್ಲದೆ ಬದುಕೇ ಬೇಸರವಾಗಿತ್ತು. ಈಗ ಬಯಲಿನ ನಡುವೆ ಕುರಿಯ ವಾಸನೆಯದೊಂದು ಪ್ರಾಣಿ ಗುಂಪು ತಪ್ಪಿ ಓಡುತ್ತಿದೆ. ಟಿಪ್ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಕಣ್ಣು ಕಿರಿದು ಮಾಡಿ, ಅರ್ಧಚಂದ್ರಾಕಾರದಲ್ಲಿ ಸುತ್ತಿ ಬಂತು. ಡೆಲ್ಬರ್ಟ್ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನಿಂತರೆ ಹಿಮ್ಮಡಿಯನ್ನು ಮೆಲ್ಲಗೆ ಕಚ್ಚುತ್ತಿತ್ತು. “ಹೋಗೋ! ನಾನು ಡೆಲ್ ಕಣೋ!” ಎಂದರೆ ಟಿಪ್‌ಗೆ ಕುರಿಗಳ ನೂರು ನೆಪ ಗೊತ್ತಿತ್ತು, ಇದೂ ಒಂದು ಎಂದುಕೊಂಡಿತು. ಬೇಲಿಯ ಪಕ್ಕದಲ್ಲೇ ಅವನನ್ನು ನಡೆಸಿಕೊಂಡು ಬಂದು, ಅವನದೇ ಗ್ಯಾರೇಜಿನೊಳಗೆ ಹೊಗಿಸಿ, ಬಾಗಿಲಿಗೆ ಅಡ್ಡವಾಗಿ ಮಲಗಿತು.

ಇದನ್ನೆಲ್ಲ ಎದುರು ಮನೆಯ ಓರಿನ್ ತನ್ನ ಜಗಲಿಯ ಮೇಲೆ ನಿಂತು, ಕೈಯಲ್ಲಿದ್ದ ಕಾಫಿ ತುಳುಕುವಂತೆ ನಗುತ್ತ ನೋಡಿದ್ದ. ಓರಿನ್ ಬಾವಿಯ ಪಂಪು, ಒಲೆ, ಕೊಳಾಯಿ ರಿಪೇರಿ ಮಾಡುವವನು. ಅವನು ನಡೆದು ರಸ್ತೆ ದಾಟುವುದರೊಳಗೆ ರಸ್ತೆಗೆ ವಯಸ್ಸಾಗುತ್ತಿತ್ತು.

“ಉಣ್ಣೆ ಕತ್ತರಿಸೋ ಕಾಲ ವಸಂತದಲ್ಲಲ್ವೇನೋ ಡೆಲ್?” ಎನ್ನುತ್ತ ಒಳಬಂದ. ಡೆಲ್ಬರ್ಟ್ ಹೊತ್ತು ತಂದಿದ್ದ ಅಚ್ಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಬೆರಳಿಗೆ ಅಂಟಿದ ನೇರಳೆ ರಸವನ್ನು ನೆಕ್ಕಿದ. “ಸಕ್ಕರೆ ಸ್ವಲ್ಪ ಕಡಿಮೆ ಆಯ್ತು.”

“ಓರಿನ್, ನಿನ್ನ ಕಾಲಿಗೆ ಬೀಳ್ತೀನಿ. ತೆಗೆಯೋಕಾಗುತ್ತಾ?”

“ಆಗದೆ ಏನು? ಬೋರ್‌ವೆಲ್ಲಿನಲ್ಲಿ ಮುರಿದ ಪೈಪು ತೆಗೆಯೋ ಹಾಗೇ ಇದು. ತಳಕ್ಕೆ ತೂತು ಕೊರೀಬೇಕು, ತೂತಿನೊಳಗೆ ಸ್ಕ್ರೂ ಸುತ್ತಿನ ಹಾಗೆ ಮರೆ ಕೊಯ್ದು ಬೋಲ್ಟ್ ಕೂರಿಸಬೇಕು, ಬೋಲ್ಟ್ ಬಿಗಿ ಮಾಡ್ತಾ ಹೋದ್ರೆ ಅದೇ ತೋಟಾನ ಎಳ್ಕೊಂಡು ಬರುತ್ತೆ. ಕಾಫಿ ಇದೆಯಾ?”

“ಆಮೇಲೆ ಕುಡಿಯೋಣ!”

“ಹಾಗಾದ್ರೆ ಆಮೇಲೆ ತೆಗೆಯೋಣ.”

ಡೆಲ್ಬರ್ಟ್ ಕಾಫಿ ಮಾಡಿದ. ಓರಿನ್ ಆರಿಸಿ ಆರಿಸಿ ಕುಡಿದ. ಮನೆಗೆ ಹೋಗಿ ಪೆಟ್ಟಿಗೆ ತಂದ. ಕೊರೆಯುವ ಮೊಳೆ ಮೊಂಡಾಗಿದೆ ಎಂದು ಮಸೆದ. ಬೆಳಕಿಗೆ ಹಿಡಿದು ನೋಡಿ ಮತ್ತೆ ಮಸೆದ. ಡೆಲ್ಬರ್ಟ್ ಗ್ಯಾರೇಜಿನೊಳಗೆ ಬಿಸಿ ಕಾವಲಿಯ ಮೇಲೆ ಬಿದ್ದ ನೀರಿನ ಹನಿಯಂತೆ ಆ ಮೂಲೆಯಿಂದ ಈ ಮೂಲೆಗೆ ಹಾರುತ್ತಿದ್ದ. ಬಾಗಿಲ ಹತ್ತಿರ ಹೋದಾಗಲೆಲ್ಲ ಟಿಪ್ ತಲೆಯೆತ್ತಿ ಅವನನ್ನು ಹಿಂದಕ್ಕೆ ಕಳಿಸುತ್ತಿತ್ತು.

“ಹಾರ್ಲನ್‌ನ ಆ ಗುಡಿಸಲಿದೆಯಲ್ಲ,” ಎಂದ ಓರಿನ್, ಅಚ್ಚಿನ ನಡುವಿನ ಕಡ್ಡಿಯನ್ನು ಸಾವಕಾಶವಾಗಿ ಬಿಚ್ಚಿ ಪಕ್ಕಕ್ಕಿಡುತ್ತ, “ಅದರ ಒಲೆ ನಾನೇ ಕೂರಿಸಿದ್ದು. ಹೊಗೆಕೊಳವೆನೂ ನಂದೇ. ಒಂದು ರಾತ್ರಿ ಮಲಗಿ ಹೋಗು ಅನ್ನಲಿಲ್ಲ ನೋಡು. ಆ ಮಂಚದ ಮೇಲೆ ಕಾಲು ಚಾಚಿ, ಒಲೆ ಉರೀತಾ ಇರೋವಾಗ, ಜಿಂಕೆ ಮಾಂಸದ ಸಾರು ಒಂದು ಬಟ್ಟಲು...”

“ಕೊರಿಯೋ ಓರಿನ್!”

ಕೊರೆದ. ಹಿತ್ತಾಳೆಯ ಸುರುಳಿ ಚಿನ್ನದ ಕೂದಲಿನಂತೆ ಉದುರಿತು. ಮರೆ ಕೊಯ್ದ. ಬೋಲ್ಟಿಗೆ ವಾಷರಿನ ಬಳೆ ಹಾಕಿ ತಿರುಗಿಸಿದ; ಕಾಲು ಸುತ್ತು, ನಿಲುಗಡೆ; ಕಾಲು ಸುತ್ತು, ಒಂದು ಗುಟುಕು ಕಾಫಿ. ಆಮೇಲೆ, ಯಾರೋ ನಾಲಿಗೆ ಚಪ್ಪರಿಸಿದಂತೆ ‘ಟಪ್’ ಎಂದಿತು. ತೋಟಾ ಹೊರಗೆ. ಅಚ್ಚಿನೊಳಗೆ ಒಂದು ಗೀರೂ ಇರಲಿಲ್ಲ.

ಡೆಲ್ಬರ್ಟ್ ಓರಿನ್‌ನನ್ನು ತಬ್ಬಿಕೊಂಡ. ಬಿಡಿಸಿಕೊಂಡ ಓರಿನ್‌ನ ಅಂಗಿಯೂ ಕುರಿಯಾಯಿತು.

ಉಳಿದ ತೋಟಾಗಳಿಗೆ ಹೊಸದಾಗಿ ಜಿಡ್ಡು ಚಿಮ್ಮಿಸಿ ಡೆಲ್ಬರ್ಟ್ ಹಿಡಿಗೆ ಕೈಹಾಕಿದ್ದೇ ತಡ, ಓರಿನ್ ಅವನ ಕೈ ಮೇಲೆ ತಟ್ಟಿದ. “ನನ್ನ ಈ ಬಟ್ಟಲು ಖಾಲಿಯಾಗೋವರೆಗೆ ಮುಟ್ಟಬೇಡ.” ಬಟ್ಟಲು ಖಾಲಿಯಾಗಲು ಎಷ್ಟೋ ಹೊತ್ತು ಹಿಡಿಯಿತು. ಡೆಲ್ಬರ್ಟ್ ಬದುಕಿನಲ್ಲಿ ಮೊದಲ ಸಲ ಕಾದ. ತನ್ನ ಕೈಗಳ ಮೇಲೆ ತಾನೇ ಕೂತು ಕಾದ. ಆಮೇಲೆ ಒಂದೊಂದು ತೋಟಾವೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗಿ ಬಂತು. ಜಿಡ್ಡು ಒರೆಸಿ, ಕೇಪು ಕೂರಿಸಿ, ಮದ್ದು ತೂಗಿ, ಗುಂಡು ಒತ್ತಿ, ಇಪ್ಪತ್ತನ್ನೂ ಪೆಟ್ಟಿಗೆಯಲ್ಲಿ ನಿಲ್ಲಿಸಿದಾಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

“ಓರಿನ್, ಇನ್ನೊಂದು ಉಪಕಾರ,” ಎಂದ ಡೆಲ್ಬರ್ಟ್. “ನೀನು ತೆಗೆದೆ ಅಂತ ಯಾರಿಗೂ ಹೇಳಬಾರದು. ಅಕಸ್ಮಾತ್ ಹಾರ್ಲನ್‌ಗೆ ಗೊತ್ತಾದ್ರೆ ನಾನೇ ತೆಗೆದೆ ಅಂತೀನಿ. ಸಿಕ್ಕಿಸಿಕೊಂಡೋನು ಅಂತಾಗೋದಕ್ಕಿಂತ, ಸಿಕ್ಕಿಸಿಕೊಂಡು ತೆಗೆದೋನು ಅಂತಾದ್ರೂ ಆಗ್ಲಿ. ಮಾತು ಕೊಡು.”

“ಕೊಟ್ಟೆ,” ಎಂದ ಓರಿನ್. “ನನ್ನ ಬಾಯಿ ಈ ತೋಟಾ ಥರ. ಒಳಗೆ ಹೋದದ್ದು ಸುಲಭವಾಗಿ ಹೊರಗೆ ಬರಲ್ಲ.”

ಹಾರ್ಲನ್‌ನ ಪಿಕಪ್ ಬಂದು ನಿಂತಿತು. ಹಿಂದೆ ಮಲಗುವ ಚೀಲಗಳು, ಸೌದೆ, ಸಾರಿನ ದೊಡ್ಡ ಪಾತ್ರೆ. ಹಾರ್ಲನ್ ಇಳಿದು ಬಂದವನು ಒಂದು ಮಾತೂ ಆಡದೆ ತೋಟಾಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದ. ಭುಜದಲ್ಲಿ ಕುಳಿ ಇದೆಯೇ ಎಂದು ಉಗುರಿನಿಂದ ಸವರಿದ. ಅಚ್ಚಿನೊಳಗೆ ಕಣ್ಣಿಟ್ಟು ನೋಡಿದ. ಮೂಸಿದ.

“ಹಕಲ್‌ಬೆರಿ ವಾಸನೆ,” ಎಂದ. ಅಳಿಯನತ್ತ ತಿರುಗಿದ. “ನೀನು ಕುರಿ ವಾಸನೆ.” ಅಚ್ಚನ್ನು ಮೇಜಿನ ಮೇಲಿಟ್ಟ. “ಕಾಫಿ ಅಂಗಡಿಗೆ ಹೋಗಿದ್ದೆ ಹುಡುಗಾ. ಅಲ್ಲಿ ಎಲ್ಲರೂ ಟೋಪಿ ತೆಗೆದು ನನಗೆ ಸಮಾಧಾನ ಹೇಳಿದ್ರು. ನನ್ನ ಅಚ್ಚಲ್ಲಿ ತೋಟಾ ಸಿಕ್ಕಿಕೊಂಡಿತ್ತಂತೆ?”

ಡೆಲ್ಬರ್ಟನಿಗೆ ಸೆಲ್ಮರ್‌ನ ಮಂಚ ಕಣ್ಣೆದುರೇ ಅರಿಜೋನಾದ ಕಡೆ ನಡೆದುಕೊಂಡು ಹೋದಂತೆ ಕಂಡಿತು. “ಹೌದು,” ಎಂದ.

“ಯಾರು ತೆಗೆದ್ರು?”

“ನಾನೇ.”

“ನೀನೇ? ತೂತು ಕೊರೆದು, ಮರೆ ಕೊಯ್ದು?”

“ಹೌದು. ಒಬ್ಬನೇ.”

“ಮತ್ತೆ ಓರಿನ್ ಇಲ್ಲೇನು ಮಾಡ್ತಿದ್ದಾನೆ?”

“ಅವನಾ? ಸುಮ್ಮನೆ ಕಾಫಿಗೆ ಬಂದಿದ್ದ. ಕೂತಿದ್ದಾನೆ, ಅಷ್ಟೇ.”

ಹಾರ್ಲನ್ ಓರಿನ್‌ನ ಮುಖ ನೋಡಿದ. ಓರಿನ್ ಬಟ್ಟಲಿನ ಮುಖ ನೋಡಿದ. “ಕಾಫಿ ಚೆನ್ನಾಗಿದೆ,” ಎಂದ, ಮಾತಿಗೆ ತಪ್ಪದೆ.

ಆಗ ಡೆಲ್ಬರ್ಟ್ ಊಹಿಸದೇ ಇದ್ದದ್ದು ನಡೆಯಿತು. ಹಾರ್ಲನ್‌ನ ಮುಖ ಅರಳಿತು. ಅವನು ಬಂದು ಡೆಲ್ಬರ್ಟನ ಜಿಡ್ಡಿನ ಹೆಗಲ ಮೇಲೆ ಎರಡೂ ಕೈ ಇಟ್ಟ. “ಅಳಿಯಾ!” ಎಂದ. ಈ ಮಾತು ಇಷ್ಟು ವರ್ಷದಲ್ಲಿ ಇದೇ ಮೊದಲು. ಡೆಲ್ಬರ್ಟನ ಕಣ್ಣು ತುಂಬಿತು.

ಹಾರ್ಲನ್ ಪಿಕಪ್ಪಿನ ಸೀಟಿನ ಹಿಂದಿನಿಂದ ಹಳೇ ಕಾಫಿಪುಡಿಯ ದೊಡ್ಡ ಡಬ್ಬವೊಂದನ್ನು, ಅತ್ತಿತ್ತ ನೋಡಿ, ಕೋಟಿನೊಳಗೆ ಮರೆಮಾಡಿ ತಂದ. ಮೇಜಿನ ಮೇಲೆ ಸುರಿದ. ಗಡಗಡ ಸದ್ದಿನೊಂದಿಗೆ ಅಚ್ಚುಗಳು ಉರುಳಿದವು. ತುಕ್ಕು ಹಿಡಿದವು, ಹೊಳೆಯುವವು, ದೊಡ್ಡವು, ಚಿಕ್ಕವು. ಎಲ್ಲದರ ಬಾಯಲ್ಲೂ ಒಂದೊಂದು ಹರಿದ ತೋಟಾ.

“ಗುಡಿಸಲಿನವರದ್ದೆಲ್ಲ ಇದೆ,” ಎಂದ ಹಾರ್ಲನ್ ತಗ್ಗಿದ ದನಿಯಲ್ಲಿ. “ಸೆಲ್ಮರ್‌ದು ಎರಡು. ಇವಿಷ್ಟೂ... ಹೂಂ, ನಂದು. ನಿಂಗೆ ಕೊಟ್ಟಿದ್ದು ಹೋದ ಬೇಸಿಗೇಲಿ ತಂದದ್ದು. ಹೊರಗೆ ಹೇಳೋ ಮಾತು ಬೇರೆ, ಮನೆಯೊಳಗಿನ ಮಾತು ಬೇರೆ. ಈಗ ನೀನು ಮನೆಯವನು. ತೆಗೆಯೋನೊಬ್ಬ ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ವಿ ಗೊತ್ತಾ? ಹೊರಗಿನವರ ಹತ್ರ ತೋರಿಸೋಕೆ ಮರ್ಯಾದೆ ಅಡ್ಡ ಬರ್ತಿತ್ತು.” ಓರಿನ್ ಕಡೆ ಕಣ್ಣು ಹೊರಳಿಸಿ, “ಇವನು ನೋಡಿದ್ರೂ ಪರವಾಗಿಲ್ಲ, ಇವನಿಗೇನು ತಿಳಿಯುತ್ತೆ,” ಎಂದ.

“ಹಾರ್ಲನ್,” ಎಂದ ಡೆಲ್ಬರ್ಟ್, “ಬೆಟ್ಟದಿಂದ ಬಂದ ಮೇಲೆ ಮಾಡ್ತೀನಿ. ಸೆಲ್ಮರ್‌ನ ಮಂಚ...”

“ಬೆಟ್ಟಕ್ಕೆ ಯಾರು ಬೇಕಾದ್ರೂ ಬರ್ತಾರೆ. ಈ ಕೈ ಬೆಟ್ಟದಲ್ಲಿ ವ್ಯರ್ಥ ಕಣಯ್ಯಾ! ನೀನಿಲ್ಲೇ ಕೂತು ನಿಧಾನವಾಗಿ ಒಂದೊಂದೇ ತೆಗಿ. ಭಾನುವಾರ ಬಂದು ತಗೊಂಡು ಹೋಗ್ತೀನಿ, ಎಲ್ಲರಿಗೂ ಅವರವರ ಅಚ್ಚು ಕೊಡಬೇಕು. ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೀನಿ ಅಂತ ತಿಳ್ಕೋ.” ತಿರುಗಿ, “ಏ ಓರಿನ್, ಸುಮ್ಮನೆ ತಾನೆ ಕೂತಿದ್ದೀಯಾ? ಗುಡಿಸಲಿನ ಒಲೆ ಹೊಗೆ ಕಾರ್ತಿದೆ. ನಡಿ ನಮ್ಮ ಜೊತೆ. ಒಂದು ಮಂಚ ಖಾಲಿ ಇದೆ,” ಎಂದ.

ಓರಿನ್ ಡೆಲ್ಬರ್ಟನ ಕಡೆ ನೋಡಿದ. ಡೆಲ್ಬರ್ಟ್ ತೋಟಾದ ಪೆಟ್ಟಿಗೆ ತೆರೆದ. ಮುಚ್ಚಿದ. ಮತ್ತೆ ತೆರೆದ. ಓರಿನ್ ಮೆಲ್ಲಗೆ ಅವನ ಕಿವಿಯ ಹತ್ತಿರ ಬಾಗಿ, “ಹೆದರಬೇಡ ಡೆಲ್. ಕೊಟ್ಟ ಮಾತು ಬೆಟ್ಟದಲ್ಲೂ ಮುರಿಯಲ್ಲ,” ಎಂದು, ಆ ದಿನ ಮೊದಲ ಸಲ ಚುರುಕಾಗಿ ನಡೆದು, ತನ್ನ ಪೆಟ್ಟಿಗೆಯನ್ನೂ ಬಗಲಲ್ಲಿಟ್ಟುಕೊಂಡು ಪಿಕಪ್ ಹತ್ತಿದ. ಕೊರೆಯುವ ಮೊಳೆ, ಮರೆ ಕೊಯ್ಯುವ ಕಡ್ಡಿ, ಬೋಲ್ಟು, ಎಲ್ಲ ಅದರೊಳಗೇ ಇತ್ತು.

ಪಿಕಪ್ ಹೊರಟಾಗ ಡೆಲ್ಬರ್ಟನಿಗೆ ಬುದ್ಧಿ ಬಂತು. ಮಂಚ ಹೋದರೆ ಹೋಗಲಿ, ಮರ್ಯಾದೆ ಹೋದರೆ ಹೋಗಲಿ; ಈಗಲೇ ನಿಜ ಹೇಳಿಬಿಡಬೇಕು, ಭಾನುವಾರದವರೆಗೆ ಕಾಯಬಾರದು. “ಹಾರ್ಲನ್! ನಿಲ್ಲಿ! ತೆಗೆದಿದ್ದು ನಾನಲ್ಲ!” ಎಂದು ಕೂಗುತ್ತ ಹಿಂದೆ ಓಡಿದ. ಅಂಗಳ ದಾಟಿದ. ಬೇಲಿಯ ಬಾಗಿಲು ಎರಡು ಹೆಜ್ಜೆ ಇತ್ತು.

ಹುಲ್ಲಿನಿಂದ ಟಿಪ್ ಎದ್ದಿತು. ಹೊಟ್ಟೆ ನೆಲಕ್ಕೆ ತಾಗಿಸಿತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ದೂರದಲ್ಲಿ ಪಿಕಪ್ಪಿನ ಕಿಟಕಿಯಿಂದ ಓರಿನ್‌ನ ಕೈ ಹೊರಬಂದು ಬೀಸಿತು. ಡೆಲ್ಬರ್ಟ್ ಅಭ್ಯಾಸಬಲದಿಂದ ತಾನೂ ಬೀಸಿದ. ಆಮೇಲೆ ಹಿಮ್ಮಡಿಗೆ ಹಲ್ಲು ತಾಗಿತು. ಅವನು ತಿರುಗಿ ಗ್ಯಾರೇಜಿಗೆ ನಡೆದ. ಟಿಪ್ ಬಾಗಿಲಿಗೆ ಅಡ್ಡ ಮಲಗಿ ನೆಮ್ಮದಿಯ ಉಸಿರು ಬಿಟ್ಟಿತು.

ಒಳಗೆ, ಶಾಲೆಯ ಬಸ್ಸು ನಿಲ್ಲಿಸಿ ಬಂದಿದ್ದ ರಸ್ ಹಿಂದಿನ ಬಾಗಿಲಿನಿಂದ ಬಂದು, ಮೇಜಿನ ಮೇಲಿನ ಅಚ್ಚುಗಳ ರಾಶಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ.

“ಅಬ್ಬಬ್ಬಾ! ಇಷ್ಟೂ ನೀನೇ ಸಿಕ್ಕಿಸಿದ್ದಾ? ಒಂದೇ ಮಧ್ಯಾಹ್ನದಲ್ಲಿ?” ಎಂದು ತನ್ನ ಮೆಲ್ಲನೆಯ ದನಿಯಲ್ಲಿ ಬೀದಿಗೆಲ್ಲ ಕೇಳುವಂತೆ ಕೇಳಿದ. ಆಮೇಲೆ ಫ್ರೀಜರಿನ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿ, “ಬಾ ಬಾ,” ಎಂದ, “ಬಟಾಣಿ ಚೀಲ ಒಂದಿದೆ.”